ಆರೋಗ್ಯ ವಿಮೆ ಆರಿಸೋದು ಹೇಗೆ? ಮೊದಲು ಆಸ್ಪತ್ರೆ ನೋಡಿ, ಆಮೇಲೆ ಕಂಪನಿ

2022ರ ಜುಲೈ. ಅಪ್ಪಾಜಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿ ನಾಲ್ಕನೇ ದಿನ. ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರು ಬಂದು ನೋಡಿ, "ಇವತ್ತು ಮನೆಗೆ ಹೋಗಬಹುದು" ಅಂದರು. ಅಪ್ಪಾಜಿ ಆಗಲೇ ಆಸ್ಪತ್ರೆ ಅಂಗಿ ಬಿಚ್ಚಿ, ತಮ್ಮ ಪಂಚೆ ಉಟ್ಟು, ಬಿಳಿ ಶರ್ಟು ಹಾಕಿಕೊಂಡು ಮಂಚದ ತುದಿಯಲ್ಲಿ ಕೂತರು. ಪಾಂಡವಪುರದ ಹತ್ತಿರದ ನಮ್ಮೂರಿಂದ ನನ್ನ ತಮ್ಮ ಕಾರು ತಂದು ಕೆಳಗೆ ನಿಲ್ಲಿಸಿದ್ದ. ನಾನು ಇನ್ಶೂರೆನ್ಸ್ ಕೌಂಟರಿಗೆ ಹೋದೆ. "ಕಂಪನಿಯಿಂದ ಫೈನಲ್ ಅಪ್ರೂವಲ್ ಬರಬೇಕು ಮೇಡಂ, ಕೂತಿರಿ" ಅಂದಳು ಹುಡುಗಿ. ಒಂದು ಗಂಟೆಗೆ ಕೇಳಿದರೆ "ಕ್ವೆರಿ ಬಂದಿದೆ", ಅಂದರೆ ಕಂಪನಿ ಏನೋ ಪ್ರಶ್ನೆ ಕೇಳಿದೆ. ನಾಲ್ಕು ಗಂಟೆಗೆ "ಉತ್ತರ ಕಳಿಸಿದ್ದೀವಿ". ಅಪ್ರೂವಲ್ ಬಂದಾಗ ರಾತ್ರಿ ಎಂಟೂವರೆ. ಅಷ್ಟೊತ್ತಿಗೆ ಅಪ್ಪಾಜಿ ಶರ್ಟಿನಲ್ಲೇ ಮಲಗಿ ನಿದ್ದೆ ಮಾಡಿದ್ದರು. ಬಿಲ್ಲಿನಲ್ಲಿ 52 ಸಾವಿರ ರೂಪಾಯಿ ನಾವೇ ಕಟ್ಟಬೇಕು ಅಂತ ಬರೆದಿತ್ತು.

ಆ ಪಾಲಿಸಿ ಆರಿಸಿದ್ದು ನಾನೇ. ಎರಡೇ ವಿಷಯ ನೋಡಿದ್ದೆ: ಪ್ರೀಮಿಯಂ (ವರ್ಷಕ್ಕೆ ನಾವು ಕಟ್ಟುವ ಹಣ) ಎಷ್ಟು, ವಿಮಾ ಮೊತ್ತ (ಕಂಪನಿ ಹೆಚ್ಚೆಂದರೆ ಕೊಡುವ ಹಣ) ಎಷ್ಟು. ಕಾಯಿಲೆ ಬಂದಾಗ ನಮ್ಮನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನೋದನ್ನು ನೋಡಿರಲಿಲ್ಲ. ಅದನ್ನು ನೋಡೋಕೆ ಬರುತ್ತೆ ಅಂತಲೂ ಗೊತ್ತಿರಲಿಲ್ಲ. ಆಮೇಲೆ ನಮ್ಮ ಮನೆಗೆ, ಅಕ್ಕನ ಮನೆಗೆ, ಅಕ್ಕಪಕ್ಕದವರಿಗೆ ಅಂತ ಹೋಲಿಸಿ ನೋಡುತ್ತಾ ಒಂದು ಕ್ರಮ ಸಿಕ್ಕಿತು. ಎರಡು ಶನಿವಾರ ಬಿಡುವು ಮಾಡಿಕೊಂಡರೆ ಸಾಕು. ಒಂದು ನೋಟ್‌ಬುಕ್ಕು, ಒಂದು ಫೋನು ಇರಲಿ.

ಈಗಾಗಲೇ ನಿಮಗೆ ಏನಿದೆ?

ಹೊಸದನ್ನು ಹುಡುಕುವ ಮೊದಲು ಇರುವುದನ್ನು ಬರೆದುಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಇದರಲ್ಲಿ ಒಂದು ವಿಷಯ ಜನ ಮರೆಯುತ್ತಾರೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ರೆಫರಲ್ ಪತ್ರ ತಂದರೆ ಮಾತ್ರ ಖಾಸಗಿ ಆಸ್ಪತ್ರೆಯಲ್ಲಿ ಸೌಲಭ್ಯ ಸಿಗುತ್ತೆ. ಮಂಡ್ಯದವರಿಗೆ ಮಿಮ್ಸ್, ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ.

ಮಂಡ್ಯ ಜಿಲ್ಲೆಯಲ್ಲಿ ಹಾಲು ಹಾಕದ ಮನೆ ಕಡಿಮೆ, ಅಲ್ವಾ? ಡೇರಿ ಸೊಸೈಟಿಗೋ ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೋ ಸದಸ್ಯರಾಗಿದ್ದರೆ ಸಹಕಾರ ಸಂಘದವರ ಆರೋಗ್ಯ ಯೋಜನೆಯಾದ ಯಶಸ್ವಿನಿ ವಿಚಾರಿಸಿ. 2003ರಲ್ಲಿ ಶುರುವಾಗಿ, ನಡುವೆ ನಿಂತು, 2022–23ರಲ್ಲಿ ಮತ್ತೆ ಜಾರಿಗೆ ಬಂದ ಯೋಜನೆ ಇದು. ಮತ್ತೆ ಬಂದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇತ್ತು, ಚಿಕಿತ್ಸೆಯ ಮಿತಿ 5 ಲಕ್ಷ. ನೋಂದಣಿ ವರ್ಷವಿಡೀ ಇರೋಲ್ಲ. ಸೊಸೈಟಿ ಕಾರ್ಯದರ್ಶಿಯನ್ನು ಕೇಳಿ ದಿನಾಂಕ ಬರೆದಿಟ್ಟುಕೊಳ್ಳಿ. ಕಾರ್ಖಾನೆ ಕೆಲಸದವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರಬಹುದು. ಆಫೀಸಿನ ಗ್ರೂಪ್ ಪಾಲಿಸಿ ಇದ್ದರೆ ಕೆಲಸ ಬಿಟ್ಟ ದಿನವೇ ಅದೂ ಹೋಗಬಹುದು, ಅಷ್ಟು ನೆನಪಿರಲಿ.

ಇವೆಲ್ಲ ನೋಡಿದ ಮೇಲೂ ಸ್ವಂತ ಪಾಲಿಸಿ ಬೇಕು ಅನಿಸಿದರೆ ಮುಂದೆ ಓದಿ.

ನಿಮ್ಮ ಮನೆಯ ನಾಲ್ಕು ಆಸ್ಪತ್ರೆ

ನಮ್ಮ ಕಡೆ ವಿಮೆ ಕಂಪನಿ ದುಡ್ಡು ಕೊಡುತ್ತೆ, ಚಿಕಿತ್ಸೆ ಕೊಡೋದು ಆಸ್ಪತ್ರೆ. ಹಾಗಾಗಿ ಪ್ಲ್ಯಾನ್ ಚೆನ್ನಾಗಿದೆಯಾ ಅನ್ನೋ ಪ್ರಶ್ನೆಗೆ ಉತ್ತರ ನಿಮ್ಮ ಮನೆ ಹತ್ತಿರದ ಆಸ್ಪತ್ರೆಯ ಬಾಗಿಲಿನಿಂದ ಶುರುವಾಗುತ್ತೆ. ದೇಶದಲ್ಲಿ ಕಂಪನಿ ಜೊತೆ ಒಪ್ಪಂದ ಇರುವ ಸಾವಿರಾರು ಆಸ್ಪತ್ರೆಗಳ ನೆಟ್‌ವರ್ಕ್ ಇದೆ ಅಂತ ಜಾಹೀರಾತು ಹೇಳುತ್ತೆ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದವರಿಗೆ ಬೇಕಾಗಿರೋದು ಅದರಲ್ಲಿ ಒಂದೇ ಒಂದು.

ನೋಟ್‌ಬುಕ್ಕಿನಲ್ಲಿ ನಾಲ್ಕು ಹೆಸರು ಬರೆಯಿರಿ. ಒಂದು, ಅರ್ಧ ಗಂಟೆಯೊಳಗೆ ತಲುಪಬಹುದಾದ, ರಾತ್ರಿಯೂ ಐಸಿಯು ನಡೆಸುವ ಆಸ್ಪತ್ರೆ. ಎರಡು, ನಿಮ್ಮ ಮನೆಯವರ ಕಾಯಿಲೆಗೆ ತಕ್ಕ ಆಸ್ಪತ್ರೆ. ಹೃದಯದ ತೊಂದರೆ ಇರುವ ಮನೆಯಾದರೆ ಮೈಸೂರಿನ ಜಯದೇವ ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತೆ. ಮೂರು, ಎಲ್ಲ ವಿಭಾಗ ಇರುವ ದೊಡ್ಡದೊಂದು, ಜೆಎಸ್‌ಎಸ್ ಥರದ್ದು. ನಾಲ್ಕು, ಕೈಮೀರಿದಾಗ ಹೋಗಬೇಕಾದ ಬೆಂಗಳೂರಿನ ಆಸ್ಪತ್ರೆ.

ಊರು ಬದಲಾದ ಹಾಗೆ ಪಟ್ಟಿಯೂ ಬದಲಾಗುತ್ತೆ. ನಾಗಮಂಗಲ ಕಡೆಯವರಿಗೆ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆ ಹತ್ತಿರ. ಮಂಡ್ಯ ಪೇಟೆಯವರಿಗೆ ಮೈಸೂರು 45 ಕಿಲೋಮೀಟರ್, ಬೆಂಗಳೂರು ಸುಮಾರು 100. ಮದ್ದೂರಿನವರು ಬೆಂಗಳೂರಿಗೇ ಹೋಗುವುದು ಜಾಸ್ತಿ. ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ಪಟ್ಟಿ ಮದ್ದೂರಿನ ಅಕ್ಕನಿಗೆ ಉಪಯೋಗಕ್ಕೆ ಬರಲಿಲ್ಲ. ಅವಳಿಗೆ ಬೇರೆಯದೇ ಪ್ಲ್ಯಾನ್ ಹೊಂದಿತು.

ಕೌಂಟರಿನವರನ್ನು ಕೇಳಿ

ಕಂಪನಿಯ ವೆಬ್‌ಸೈಟಿನಲ್ಲಿ ನೆಟ್‌ವರ್ಕ್ ಪಟ್ಟಿ ಇರುತ್ತೆ. ಅದನ್ನು ನೋಡಿ, ಆದರೆ ಅಷ್ಟಕ್ಕೇ ನಂಬಬೇಡಿ. ಆಸ್ಪತ್ರೆಗೂ ಕಂಪನಿಗೂ ದರದ ವಿಷಯದಲ್ಲಿ ಜಗಳ ಬಂದು, ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಬಿಲ್ಲು ಕಟ್ಟುವ ಕ್ಯಾಶ್‌ಲೆಸ್ ನಿಂತುಹೋಗಿರುತ್ತೆ, ಪಟ್ಟಿಯಲ್ಲಿ ಹೆಸರು ಹಾಗೇ ಉಳಿದಿರುತ್ತೆ. ನೇರವಾಗಿ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿಗೆ ಹೋಗಿ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಹೋಗಬೇಡಿ, ಡಿಸ್ಚಾರ್ಜ್ ಗಲಾಟೆಯಲ್ಲಿ ಅವರಿಗೆ ತಲೆ ಎತ್ತೋಕೆ ಪುರುಸೊತ್ತಿರೋಲ್ಲ. ಮಧ್ಯಾಹ್ನ ಮೂರರ ನಂತರ ಹೋದರೆ ಸಮಾಧಾನವಾಗಿ ಮಾತಾಡುತ್ತಾರೆ.

ನಾನು ಕೇಳುವ ಪ್ರಶ್ನೆಗಳು ಇವು. ಈ ಕಂಪನಿಯ ಕ್ಯಾಶ್‌ಲೆಸ್ ಈ ತಿಂಗಳು ನಡೀತಿದೆಯಾ? ಅಡ್ಮಿಟ್ ಆಗುವಾಗ ಅಪ್ರೂವಲ್ ಬರೋಕೆ ಎಷ್ಟು ಹೊತ್ತಾಗುತ್ತೆ? ಡಿಸ್ಚಾರ್ಜ್ ದಿನ ಎಷ್ಟು ಹೊತ್ತು? ಕ್ವೆರಿ ಜಾಸ್ತಿ ಕಳಿಸುತ್ತಾರಾ? ಅಡ್ವಾನ್ಸ್ ಎಷ್ಟು ಕಟ್ಟಬೇಕು? ಆ ಕುರ್ಚಿಯಲ್ಲಿ ಕೂತವರಿಗೆ ಯಾವ ಕಂಪನಿಯ ಪೇಷೆಂಟು ಸಂಜೆವರೆಗೂ ಕಾಯುತ್ತಾರೆ, ಯಾವ ಕಂಪನಿಯವರು ಊಟದ ಹೊತ್ತಿಗೆ ಹೊರಟುಹೋಗುತ್ತಾರೆ ಅನ್ನೋದು ಬಾಯಿಪಾಠ. ಒಬ್ಬ ಹುಡುಗ ನನಗೆ ಹೆಸರು ಹೇಳಲಿಲ್ಲ. "ನಮ್ಮಮ್ಮನಿಗೆ ನಾನು ಈ ಎರಡರಲ್ಲಿ ಒಂದು ಮಾಡಿಸ್ತೀನಿ ಮೇಡಂ" ಅಂತ ನನ್ನ ಪಟ್ಟಿಯ ಮೇಲೆ ಎರಡು ಸಲ ಬೆರಳಿಟ್ಟ. ಮೂರು ವಾರ ಓದಿದ್ದಕ್ಕಿಂತ ಅದು ನನಗೆ ಜಾಸ್ತಿ ಕೆಲಸಕ್ಕೆ ಬಂತು.

ಈಗ ನಿಯಮವೂ ನಿಮ್ಮ ಕಡೆ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು. ಆಸ್ಪತ್ರೆ ಡಿಸ್ಚಾರ್ಜ್ ಕೋರಿಕೆ ಕಳಿಸಿದ ಮೂರು ಗಂಟೆಯೊಳಗೆ ಅಂತಿಮ ಅಪ್ರೂವಲ್ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚು ಹಣ ಕೇಳಿದರೆ ಅದನ್ನು ಕಂಪನಿಯೇ ತನ್ನ ಷೇರುದಾರರ ನಿಧಿಯಿಂದ ಭರಿಸಬೇಕು. ಅಪ್ಪಾಜಿ ಕಾಯ್ದ ದಿನ ಈ ನಿಯಮ ಇರಲಿಲ್ಲ. ಈಗ ಕೌಂಟರಿನಲ್ಲಿ "ಕೋರಿಕೆ ಎಷ್ಟು ಗಂಟೆಗೆ ಕಳಿಸಿದ್ರಿ?" ಅಂತ ಕೇಳಿ ಸಮಯ ಬರೆದುಕೊಳ್ಳಿ. ಕೆಲವು ಸಲ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲೇ ಫೈಲು ಮಧ್ಯಾಹ್ನದವರೆಗೆ ಕೂತಿರುತ್ತೆ. ಬೈಗುಳ ಮಾತ್ರ ಕಂಪನಿಗೆ ಹೋಗುತ್ತೆ.

ನೆಟ್‌ವರ್ಕಿನಲ್ಲಿ ಇಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು ಅನ್ನೋ ವ್ಯವಸ್ಥೆ 2024ರ ಜನವರಿಯಿಂದ ಬಂದಿದೆ. ಮೊದಲೇ ಗೊತ್ತಿರುವ ಆಪರೇಷನ್ ಆದರೆ 48 ಗಂಟೆ ಮುಂಚೆ, ತುರ್ತಾದರೆ ಅಡ್ಮಿಟ್ ಆದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಕೇಳುವ ಹಕ್ಕು ಇದೆ ನಿಜ. ಆದರೆ ಆಸ್ಪತ್ರೆಯೂ ಒಪ್ಪಬೇಕಲ್ಲ. ಹಾಗಾಗಿ ನಾಲ್ಕರಲ್ಲಿ ಮೂರಾದರೂ ನೆಟ್‌ವರ್ಕಿನೊಳಗೇ ಇರುವ ಪ್ಲ್ಯಾನ್ ಹುಡುಕಿ.

ಆರೈಕೆ ಚೆನ್ನಾಗಿದೆ ಅಂತ ಹೇಳೋದು ಹೇಗೆ?

ಅಮೆರಿಕದಲ್ಲಿ ಎನ್‌ಸಿಕ್ಯೂಎ ಅನ್ನೋ ಸಂಸ್ಥೆ 1990ರಿಂದ ಇದೆ. ಅದು ವಿಮಾ ಪ್ಲ್ಯಾನ್‌ಗಳನ್ನೇ ಅಳೆಯುತ್ತೆ. ಅಳತೆಗೆ ಹೆಡಿಸ್ ಅಂತ ಹೆಸರು. ಈ ಪ್ಲ್ಯಾನ್‌ನ ಸದಸ್ಯರಲ್ಲಿ ಬಿಪಿ ಇರುವ ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ? ಶುಗರ್ ಇರುವ ಎಷ್ಟು ಜನರ ಕಣ್ಣಿನ ಪರೀಕ್ಷೆ ಆಗಿದೆ? ಎಷ್ಟು ಹೆಂಗಸರಿಗೆ ಸ್ತನ ಕ್ಯಾನ್ಸರ್ ತಪಾಸಣೆ ಆಗಿದೆ? ಇಂಥ ಲೆಕ್ಕ. ಹಿರಿಯರ ಮೆಡಿಕೇರ್ ಪ್ಲ್ಯಾನ್‌ಗಳಿಗೆ ಅಲ್ಲಿನ ಸರ್ಕಾರವೇ 1ರಿಂದ 5 ನಕ್ಷತ್ರ ಕೊಡುತ್ತೆ. ನಮ್ಮಲ್ಲಿ ಪ್ಲ್ಯಾನ್‌ಗೆ ಇಂಥ ಸರ್ಕಾರಿ ನಕ್ಷತ್ರ ಇಲ್ಲ. ಆದರೆ ಆ ಪ್ರಶ್ನೆಗಳನ್ನು ನಾವೇ ಕೇಳಬಹುದು. ಕಾಯಿಲೆ ಬಿದ್ದ ಮೇಲೆ ದುಡ್ಡು ಕೊಡೋದು ಒಂದು, ಬೀಳದ ಹಾಗೆ ನೋಡಿಕೊಳ್ಳೋದು ಇನ್ನೊಂದು. ಎರಡನೆಯದನ್ನು ನಮ್ಮ ಕಡೆ ಯಾರೂ ಕೇಳೋದೇ ಇಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರು.

ಪ್ಲ್ಯಾನಿನಲ್ಲಿ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಇದೆಯಾ ನೋಡಿ. ಇದ್ದರೆ ಅದರಲ್ಲಿ ಏನೇನಿದೆ? ಬರೀ ರಕ್ತ, ಮೂತ್ರನಾ, ಇಲ್ಲಾ ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕಿಡ್ನಿಗೆ ಕ್ರಿಯಾಟಿನಿನ್, ಇಸಿಜಿ ಎಲ್ಲ ಇದೆಯಾ? ಮೈಸೂರಿನಲ್ಲಿ ಯಾವ ಲ್ಯಾಬ್? ಮನೆಗೆ ಬಂದು ರಕ್ತ ತಗೋತಾರಾ? ಕೆ.ಆರ್. ಪೇಟೆಯ ಹಳ್ಳಿಗೂ ಬರ್ತಾರಾ? ಲ್ಯಾಬುಗಳ ಗುಣಮಟ್ಟ ಪರೀಕ್ಷಿಸುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆ ಇದ್ದರೆ ಒಳ್ಳೆಯದು.

ಆಸ್ಪತ್ರೆಯ ವಿಷಯಕ್ಕೆ ಬಂದರೆ ಎನ್‌ಎಬಿಎಚ್ ನೋಡಿ. ಭಾರತೀಯ ಗುಣಮಟ್ಟ ಪರಿಷತ್ತಿನ ಅಂಗವಾದ ಈ ಮಂಡಳಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುತ್ತೆ. ಸೋಂಕು ತಡೆ, ಔಷಧ ಕೊಡುವ ಕ್ರಮ, ದಾಖಲೆ, ರೋಗಿಯ ಹಕ್ಕು ಇದನ್ನೆಲ್ಲ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಪೂರ್ತಿ ಮಾನ್ಯತೆ ಬೇರೆ, ಎಂಟ್ರಿ ಲೆವೆಲ್ ಪ್ರಮಾಣಪತ್ರ ಬೇರೆ. ಗೋಡೆ ಮೇಲಿನ ಫ್ರೇಮಿನ ಹತ್ತಿರ ಹೋಗಿ ಯಾವುದು ಅಂತ ಓದಿ, ಅವಧಿ ಮುಗಿದಿದೆಯಾ ನೋಡಿ. ಅದರ ಪಕ್ಕದಲ್ಲೇ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇರಬೇಕು. ಕರ್ನಾಟಕದಲ್ಲಿ 2007ರ ಕಾಯ್ದೆ ಪ್ರಕಾರ ಖಾಸಗಿ ಆಸ್ಪತ್ರೆಗೆ ಅದು ಕಡ್ಡಾಯ.

ಕಾಗದದಲ್ಲಿ ಕಾಣದ್ದನ್ನು ಕಣ್ಣಾರೆ ನೋಡಬೇಕು. ಯಾರನ್ನಾದರೂ ನೋಡೋಕೆ ಆಸ್ಪತ್ರೆಗೆ ಹೋದಾಗ ನಾನು ಸ್ವಲ್ಪ ಗಮನ ಇಡುತ್ತೇನೆ. ನರ್ಸು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆದುಕೊಂಡರಾ? ಇಂಜೆಕ್ಷನ್ ಕೊಡುವ ಮೊದಲು ಹೆಸರು ಕೇಳಿದರಾ, ಕೈಯ ಪಟ್ಟಿ ನೋಡಿದರಾ? ಕರೆಗಂಟೆ ಒತ್ತಿದರೆ ಎಷ್ಟು ಹೊತ್ತಿಗೆ ಬಂದರು? ರಾತ್ರಿ ಐಸಿಯುನಲ್ಲಿ ಡ್ಯೂಟಿ ಡಾಕ್ಟರು ಅಲ್ಲೇ ಇರುತ್ತಾರಾ, ಫೋನ್ ಮಾಡಿ ಕರೆಸಬೇಕಾ? ಡಿಸ್ಚಾರ್ಜ್ ಆಗುವಾಗ ಯಾವ ಮಾತ್ರೆ ಎಷ್ಟು ದಿನ ಅಂತ ಕನ್ನಡದಲ್ಲಿ ಕೂರಿಸಿ ಹೇಳಿದರಾ? ಈ ಕೊನೆಯದನ್ನು ನಾನು ತುಂಬಾ ದೊಡ್ಡದಾಗಿ ಕಾಣುತ್ತೇನೆ. ನಮ್ಮೂರಲ್ಲಿ ಒಬ್ಬ ಅಜ್ಜಿ ರಕ್ತ ತೆಳು ಮಾಡುವ ಮಾತ್ರೆಯನ್ನು ಗ್ಯಾಸಿನ ಮಾತ್ರೆ ಅಂದುಕೊಂಡು ಬೇಕಾದಾಗ ನುಂಗುತ್ತಿದ್ದರು. ಯಾರೂ ಹೇಳಿರಲಿಲ್ಲ.

ಕಂಪನಿಯ ಅಂಕಿಗಳು

ಇಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ, ಆದರೆ ಬಿಡಲೂ ಬೇಡಿ. ಐಆರ್‌ಡಿಎಐ ವಾರ್ಷಿಕ ವರದಿಯಲ್ಲಿ ಪ್ರತಿ ಕಂಪನಿಯ ಅಂಕಿ ಸಿಗುತ್ತೆ. ಪ್ರತಿ ಕಂಪನಿಯೂ ತನ್ನ ವೆಬ್‌ಸೈಟಿನಲ್ಲಿ ಪಬ್ಲಿಕ್ ಡಿಸ್‌ಕ್ಲೋಷರ್ಸ್ ಅಂತ ಮೂರು ತಿಂಗಳಿಗೊಮ್ಮೆ ಹಾಕುತ್ತೆ. ಅದರಲ್ಲಿ ಎನ್‌ಎಲ್-39 ಅನ್ನೋ ನಮೂನೆ ಕ್ಲೇಮು (ಚಿಕಿತ್ಸೆಯ ಹಣ ಕೇಳಿ ಹಾಕಿದ ಅರ್ಜಿ) ಎಷ್ಟು ದಿನದಲ್ಲಿ ತೀರಿತು ಅಂತ ತೋರಿಸುತ್ತೆ. ಎನ್‌ಎಲ್-45 ದೂರುಗಳ ಲೆಕ್ಕ.

ಏಜೆಂಟರು "ಶೇ. 98 ಕ್ಲೇಮು ಕೊಟ್ಟಿದ್ದೀವಿ" ಅಂದಾಗ ಒಂದು ಮಾತು ಕೇಳಿ: ಕೇಳಿದ ಹಣದಲ್ಲಿ ಎಷ್ಟು ಕೊಟ್ಟಿರಿ? ಅಪ್ಪಾಜಿಯ ಕ್ಲೇಮೂ ಆ ಲೆಕ್ಕದಲ್ಲಿ "ಕೊಟ್ಟಾಯಿತು" ಅಂತಲೇ ಸೇರಿದೆ. ನಮ್ಮ ಜೇಬಿಂದ ಹೋದ 52 ಸಾವಿರ ಅಲ್ಲಿ ಕಾಣೋದಿಲ್ಲ.

ಇನ್ನೊಂದು ಅಂಕಿ ಇದೆ, ಇನ್ಕರ್ಡ್ ಕ್ಲೇಮ್ ರೇಶಿಯೊ ಅಂತ. ಕಂಪನಿ ಗಳಿಸಿದ 100 ರೂಪಾಯಿ ಪ್ರೀಮಿಯಂನಲ್ಲಿ ಕ್ಲೇಮಿಗೆ ಹೋಗಿದ್ದು ಎಷ್ಟು ಅಂತ. 50ಕ್ಕಿಂತ ಕಡಿಮೆ ಇದ್ದರೆ ಜನರಿಗೆ ವಾಪಸ್ ಹೋಗುತ್ತಿರೋದು ಕಡಿಮೆ. 100 ದಾಟಿದ್ದರೆ ಮುಂದೆ ಪ್ರೀಮಿಯಂ ಏರುವ ಸಾಧ್ಯತೆ ಜಾಸ್ತಿ. ಒಂದು ವರ್ಷದ ಅಂಕಿ ಸಾಲದು, ಮೂರು ವರ್ಷದ್ದು ಪಕ್ಕಪಕ್ಕ ಬರೆಯಿರಿ. ವಿಮೆ ದೂರುಗಳನ್ನು ಬಗೆಹರಿಸುವ ವಿಮಾ ಒಂಬುಡ್ಸ್‌ಮನ್‌ಗಳ ವಾರ್ಷಿಕ ವರದಿಯಲ್ಲಿ ಯಾವ ಕಂಪನಿ ಮೇಲೆ ಎಷ್ಟು ದೂರು ಅಂತಲೂ ಇರುತ್ತೆ. ದೊಡ್ಡ ಕಂಪನಿಗೆ ಗ್ರಾಹಕರೂ ಜಾಸ್ತಿ, ದೂರೂ ಜಾಸ್ತಿ. ಹಾಗಾಗಿ ಬರೀ ಸಂಖ್ಯೆ ನೋಡಿ ತೀರ್ಮಾನಕ್ಕೆ ಬರಬೇಡಿ.

ಪಾಲಿಸಿ ಪತ್ರ ಓದುವುದು

ಇದನ್ನು ಮಾತ್ರ ಯಾರ ಕೈಗೂ ಬಿಡಬೇಡಿ. ಪಾಲಿಸಿ ಜೊತೆ ಗ್ರಾಹಕ ಮಾಹಿತಿ ಪತ್ರ ಅಂತ ಕೆಲವೇ ಪುಟದ ಸಾರಾಂಶ ಕೊಡಬೇಕು ಅಂತ ನಿಯಮ ಇದೆ. ಕೇಳಿದರೆ ಕನ್ನಡದಲ್ಲೂ ಕೊಡಬೇಕು. ಕೇಳಿ ಪಡೆಯಿರಿ.

ಮೊದಲು ರೂಮ್ ಬಾಡಿಗೆ ಮಿತಿ. ನಮ್ಮ ಪಾಲಿಸಿ 3 ಲಕ್ಷದ್ದು. ದಿನದ ಬಾಡಿಗೆ ಮಿತಿ ವಿಮಾ ಮೊತ್ತದ ಶೇ. 1, ಅಂದರೆ 3,000. ಸೇರಿಸುವಾಗ ಅದೇನೂ ಗೊತ್ತಿಲ್ಲದೆ 6,000 ರೂಪಾಯಿಯ ರೂಮ್ ತಗೊಂಡೆವು. ಬಿಲ್ಲು ಹೀಗಿತ್ತು, ದುಂಡು ಮಾಡಿ ಬರೆದಿದ್ದೇನೆ. ನಾಲ್ಕು ದಿನದ ರೂಮ್ 24,000. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 80,000. ಔಷಧ, ಪರೀಕ್ಷೆ 60,000. ಒಟ್ಟು 1,64,000.

ರೂಮಿನ 24 ಸಾವಿರದಲ್ಲಿ 12 ಸಾವಿರ ಮಾತ್ರ ಬಂತು. ಅದು ಅರ್ಥವಾಗುತ್ತೆ. ಆದರೆ ಡಾಕ್ಟರ್ ಫೀಸು, ಥಿಯೇಟರ್‌ನ 80 ಸಾವಿರವನ್ನೂ ಅರ್ಧ ಮಾಡಿದರು. ಅರ್ಹತೆಗಿಂತ ಎರಡು ಪಟ್ಟು ಬಾಡಿಗೆಯ ರೂಮ್ ತಗೊಂಡಿರಿ, ಅದಕ್ಕೆ ತಕ್ಕ ಹಾಗೆ ಉಳಿದ ಖರ್ಚೂ ಕಡಿತ ಅಂತ. 40 ಸಾವಿರ ಅಲ್ಲಿ ಹೋಯಿತು. ಔಷಧ, ಪರೀಕ್ಷೆಗೆ ಈ ಕಡಿತ ಹಾಕುವ ಹಾಗಿಲ್ಲ ಅಂತ ನಿಯಮ ಇರುವುದರಿಂದ ಆ 60 ಸಾವಿರ ಪೂರ್ತಿ ಸಿಕ್ಕಿತು. ಒಟ್ಟು 52 ಸಾವಿರ ನಮ್ಮ ಪಾಲಿಗೆ. 3,000 ರೂಪಾಯಿಯ ರೂಮಿನಲ್ಲಿ ಇದ್ದಿದ್ದರೆ ಈ ಕಡಿತ ಬರುತ್ತಲೇ ಇರಲಿಲ್ಲ. ಕಿಟಕಿ ಪಕ್ಕದ ರೂಮ್ ಬೇಕು ಅಂತ ಕೇಳಿದ್ದು ನಾನು, ಅಪ್ಪಾಜಿಗೆ ಗಾಳಿ ಬೆಳಕು ಇರಲಿ ಅಂತ.

ಹಾಗಾಗಿ ರೂಮ್ ಮಿತಿ ಇಲ್ಲದ, ಅಥವಾ ಸಿಂಗಲ್ ರೂಮ್ ಯಾವುದಾದರೂ ಸರಿ ಅನ್ನುವ ಪ್ಲ್ಯಾನ್‌ಗೆ ಸ್ವಲ್ಪ ಜಾಸ್ತಿ ಪ್ರೀಮಿಯಂ ಆದರೂ ಕೊಡಿ ಅಂತ ನಾನು ಹೇಳುತ್ತೇನೆ. ಎಲ್ಲ ಕಂಪನಿಯೂ ಒಂದೇ ಷರತ್ತಿನಲ್ಲಿ ಮಾರುವ ಆರೋಗ್ಯ ಸಂಜೀವನಿ ಪಾಲಿಸಿಯಲ್ಲೂ ಬಾಡಿಗೆಗೆ ಮಿತಿ ಇದೆ: ವಿಮಾ ಮೊತ್ತದ ಶೇ. 2, ಆದರೆ ದಿನಕ್ಕೆ 5,000 ಮೀರಬಾರದು. ಜೊತೆಗೆ ಶೇ. 5 ಕೋ-ಪೇ (ಬಿಲ್ಲಿನಲ್ಲಿ ನಮ್ಮ ಪಾಲು). ಕಣ್ಣಿನ ಪೊರೆಗೆ ಒಂದು ಕಣ್ಣಿಗೆ 40,000 ಅಥವಾ ವಿಮಾ ಮೊತ್ತದ ಶೇ. 25, ಯಾವುದು ಕಡಿಮೆಯೋ ಅದು. ಪ್ರೀಮಿಯಂ ಕಡಿಮೆ, ಷರತ್ತು ಸ್ಪಷ್ಟ. ಸಾಮಾನ್ಯ ವಾರ್ಡು, ಶೇರಿಂಗ್ ರೂಮು ಸಾಕು ಅನ್ನುವವರಿಗೆ ಅದೇನೂ ಕೆಟ್ಟದ್ದಲ್ಲ.

ಕೋ-ಪೇ ಅಂದರೆ ಪ್ರತಿ ಬಿಲ್ಲಿನಲ್ಲೂ ನಿಮ್ಮ ಪಾಲು. ಹಿರಿಯರ ಪಾಲಿಸಿಗಳಲ್ಲಿ ಶೇ. 20 ಇದ್ದರೆ 2 ಲಕ್ಷದ ಬಿಲ್ಲಿಗೆ 40 ಸಾವಿರ ನೀವು ಕೊಡಬೇಕು. ನಮ್ಮ ಕಡೆಯವರು ಇನ್ನೊಂದನ್ನು ವಿಶೇಷವಾಗಿ ನೋಡಬೇಕು. ಕೆಲವು ಕಂಪನಿಗಳು ಊರುಗಳನ್ನು ವಲಯ ಅಂತ ಭಾಗ ಮಾಡಿರುತ್ತವೆ. ಮಂಡ್ಯ ವಿಳಾಸ ಕೊಟ್ಟರೆ ಪ್ರೀಮಿಯಂ ಕಡಿಮೆ ಆಗಬಹುದು. ಅದೇ ಪಾಲಿಸಿಯಲ್ಲಿ ಬೆಂಗಳೂರಿಗೆ ಹೋಗಿ ಚಿಕಿತ್ಸೆ ಮಾಡಿಸಿದರೆ "ದುಬಾರಿ ವಲಯ" ಅಂತ ಕೋ-ಪೇ ಬೀಳಬಹುದು. ದೊಡ್ಡ ಕಾಯಿಲೆಗೆ ನಾವು ಹೋಗೋದೇ ಬೆಂಗಳೂರಿಗೆ, ಅಲ್ವಾ? "ಬೆಂಗಳೂರಿನಲ್ಲಿ ಚಿಕಿತ್ಸೆ ಮಾಡಿಸಿದರೆ ಕಡಿತ ಇದೆಯಾ?" ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಕಾಯುವ ಅವಧಿ, ಅಂದರೆ ಪಾಲಿಸಿ ತಗೊಂಡ ಮೇಲೂ ಕೆಲವು ಕಾಯಿಲೆಗೆ ಹಣ ಸಿಗದ ಕಾಲ: ಮೊದಲೇ ಇರುವ ಶುಗರ್, ಬಿಪಿಯಂಥ ಕಾಯಿಲೆಗೆ ಈಗ 36 ತಿಂಗಳಿಗಿಂತ ಜಾಸ್ತಿ ಕಾಯಿಸುವ ಹಾಗಿಲ್ಲ. ಹೆಚ್ಚು ದುಡ್ಡಿಗೆ ಕಡಿಮೆ ಕಾಯುವ ಪ್ಲ್ಯಾನೂ ಇವೆ. ಮಂಡಿ ಚಿಪ್ಪಿನ ಬದಲಾವಣೆ, ಕಣ್ಣಿನ ಪೊರೆ, ಹರ್ನಿಯಾಗಳಿಗೆ ಎಷ್ಟು ಕಾಯಬೇಕು ಅಂತ ಬೇರೆ ಪಟ್ಟಿ ಇರುತ್ತೆ. ಗ್ಲೌಸು, ಮಾಸ್ಕು, ಡೈಪರ್ ಥರದ ಸಣ್ಣ ಸಾಮಾನು ಸಾಮಾನ್ಯವಾಗಿ ಪಾಲಿಸಿಯಲ್ಲಿ ಬರೋದಿಲ್ಲ. ಹೆಚ್ಚು ಪ್ರೀಮಿಯಂಗೆ ಅದನ್ನೂ ಕೊಡುವ ಆಡ್-ಆನ್ ಇದ್ದರೆ ತಗೊಳ್ಳಬಹುದು. ಆಸ್ಪತ್ರೆಗೆ ಸೇರುವ ಮೊದಲಿನ ಮತ್ತು ನಂತರದ ಖರ್ಚು ಎಷ್ಟು ದಿನದ್ದು ಸಿಗುತ್ತೆ ಅಂತ ನೋಡಿ, ಮೆಡಿಕಲ್ ಶಾಪಿನ ಚೀಟಿಗಳನ್ನು ಎಸೆಯಬೇಡಿ.

ಭಾನುವಾರ ರಾತ್ರಿ ಒಂದು ಫೋನು

ಪಟ್ಟಿಯಲ್ಲಿ ಉಳಿದ ಎರಡು ಮೂರು ಕಂಪನಿಗೆ ಭಾನುವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ. ಕನ್ನಡಕ್ಕೆ ಯಾವ ಸಂಖ್ಯೆ ಒತ್ತಬೇಕು ಅಂತ ಹೇಳ್ತಾರಾ? ಮನುಷ್ಯರು ಸಿಗೋಕೆ ಎಷ್ಟು ನಿಮಿಷ? "ನಮ್ಮ ತಂದೆಗೆ ಎದೆನೋವು ಬಂದರೆ ಮೈಸೂರಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕು?" ಅಂತ ಕೇಳಿ. ನಾನು ಹೀಗೆ ಕೇಳಿದಾಗ ಒಂದು ಕಡೆ ಹದಿನೇಳು ನಿಮಿಷ ಸಂಗೀತ ಕೇಳಿಸಿ ಲೈನು ಕಟ್ಟಾಯಿತು. ಇನ್ನೊಂದು ಕಡೆ ಒಬ್ಬ ಹೆಣ್ಣುಮಗಳು ಹುಬ್ಬಳ್ಳಿ ಕನ್ನಡದಲ್ಲಿ ಮೂರು ಆಸ್ಪತ್ರೆ ಹೆಸರು ಹೇಳಿ, "ಮೊದಲು ಆಸ್ಪತ್ರೆಗೆ ಹೋಗ್ರಿ, ಆಮೇಲೆ ನಮಗ ಫೋನ್ ಮಾಡ್ರಿ" ಅಂದಳು. ಕೈಯಲ್ಲಿ ಫೋನು ಹಿಡಿದು ನಡುಗುತ್ತಿರುವ ಹಳ್ಳಿಯ ತಾಯಿಗೆ ಆ ಮಾತೇ ಬೇಕು. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಎರಡು ಅಂಕ ಜಾಸ್ತಿ ಹಾಕಿದೆ.

ಪಕ್ಕಪಕ್ಕ ಇಟ್ಟು ನೋಡಿ

ಎದುರು ಮನೆ ಆಂಟಿಗೆ 63 ವರ್ಷ, ಹತ್ತು ವರ್ಷದಿಂದ ಶುಗರ್. ಎರಡು ಪ್ಲ್ಯಾನ್ ಉಳಿದಿದ್ದವು, ಎರಡೂ 10 ಲಕ್ಷದ್ದು. ಮೊದಲನೆಯದಕ್ಕೆ ವರ್ಷಕ್ಕೆ 5,000 ರೂಪಾಯಿ ಕಡಿಮೆ. ಆದರೆ ಅದರಲ್ಲಿ ಶೇ. 20 ಕೋ-ಪೇ, ಅವರು ತೋರಿಸುವ ಶುಗರ್ ಡಾಕ್ಟರ ಆಸ್ಪತ್ರೆ ನೆಟ್‌ವರ್ಕಿನಲ್ಲಿ ಇಲ್ಲ. ಎರಡನೆಯದರಲ್ಲಿ ಕೋ-ಪೇ ಇಲ್ಲ, ಆ ಆಸ್ಪತ್ರೆ ಇದೆ, ವರ್ಷಕ್ಕೊಮ್ಮೆ ಎಚ್‌ಬಿಎ1ಸಿ ಉಚಿತ. ಒಂದೇ ಒಂದು ಲಕ್ಷದ ಬಿಲ್ಲು ಬಂದರೂ ಮೊದಲನೆಯದರಲ್ಲಿ 20 ಸಾವಿರ ಕೈಬಿಡುತ್ತೆ, ಅಂದರೆ ನಾಲ್ಕು ವರ್ಷದ ಉಳಿತಾಯ. ಆಂಟಿ ಎರಡನೆಯದನ್ನು ಆರಿಸಿಕೊಂಡರು. ಅವರ ಯಜಮಾನರಿಗೆ ಕಾಯಿಲೆ ಏನೂ ಇರಲಿಲ್ಲ. ಅವರು ರೂಮ್ ಮಿತಿ, ಬೆಂಗಳೂರಿನ ಕಡಿತ ಎರಡನ್ನೇ ನೋಡಿ ಬೇರೆ ಪಾಲಿಸಿ ಮಾಡಿಸಿದರು. ಒಂದೇ ಮನೆಯಲ್ಲಿ ಎರಡು ಉತ್ತರ ಬರಬಹುದು.

ಪ್ರೀಮಿಯಂ ಹೋಲಿಸುವಾಗ ಹಳೆಯ ಕೊಟೇಶನ್ ಇಟ್ಟುಕೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಮೊದಲು ಶೇ. 18 ಇತ್ತು.

ಸಹಿ ಮಾಡುವಾಗ, ಮಾಡಿದ ಮೇಲೆ

ಅರ್ಜಿಯಲ್ಲಿ ಶುಗರ್, ಬಿಪಿ, ಹಳೇ ಆಪರೇಷನ್ ಎಲ್ಲ ಬರೆಯಿರಿ. "ಸುಮ್ನೆ ಯಾಕೆ ಬರೀತೀರಿ, ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂತ ಏಜೆಂಟ್ ಹೇಳಿದರೆ ಆ ಏಜೆಂಟನ್ನು ಬಿಡಿ. ಕ್ಲೇಮು ತಿರಸ್ಕರಿಸೋಕೆ ಇದಕ್ಕಿಂತ ಸುಲಭದ ಕಾರಣ ಕಂಪನಿಗೆ ಸಿಗೋದಿಲ್ಲ. ಸತತ ಐದು ವರ್ಷ ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದರೆ ಹೊರತು, ಈ ಕಾರಣ ಕೊಟ್ಟು ಕ್ಲೇಮು ನಿರಾಕರಿಸುವ ಹಾಗಿಲ್ಲ. ಆ ಐದು ವರ್ಷ ದಾಟಬೇಕಲ್ಲ.

ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಓದಿ ನೋಡೋಕೆ ಸಮಯ ಇದೆ. ಹೇಳಿದ್ದು ಬೇರೆ, ಬರೆದಿರೋದು ಬೇರೆ ಅನಿಸಿದರೆ ವಾಪಸ್ ಕೊಡಿ. ಈಗಿರುವ ಪಾಲಿಸಿಯೇ ಸರಿ ಇಲ್ಲ ಅನಿಸಿದರೆ ಅದನ್ನು ಕೈಬಿಟ್ಟು ಹೊಸದು ಮಾಡಿಸಬೇಡಿ. ಪೋರ್ಟ್ ಮಾಡಿಸಿ, ಅಂದರೆ ಅದೇ ಪಾಲಿಸಿಯನ್ನು ಬೇರೆ ಕಂಪನಿಗೆ ವರ್ಗಾಯಿಸಿ, ಕಾಯ್ದ ವರ್ಷಗಳು ಜೊತೆಗೇ ಬರುತ್ತವೆ. ನವೀಕರಣಕ್ಕೆ 45 ದಿನ ಮೊದಲೇ ಅರ್ಜಿ ಹಾಕಿ.

ಅನ್ಯಾಯ ಆಯಿತು ಅನಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ಕೊಡಿ. ಐಆರ್‌ಡಿಎಐನ ದೂರು ಪೋರ್ಟಲ್ ಬಿಮಾ ಭರೋಸಾದಲ್ಲೂ ದಾಖಲಿಸಿ, ಫೋನು 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನಿಸದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ, 50 ಲಕ್ಷದವರೆಗಿನ ವಿಷಯ ನೋಡುತ್ತಾರೆ. ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಗ್ರಾಹಕರ ಆಯೋಗವೂ ಇದೆ.

ಕೊನೆಗೆ ಒಂದು ಬಿಳಿ ಹಾಳೆ ತಗೊಂಡು ದೊಡ್ಡ ಅಕ್ಷರದಲ್ಲಿ ಬರೆಯಿರಿ: ಪಾಲಿಸಿ ಸಂಖ್ಯೆ, ಕಂಪನಿಯ ಫೋನು, ಮೊದಲು ಹೋಗಬೇಕಾದ ಆಸ್ಪತ್ರೆ, ಎಷ್ಟು ಬಾಡಿಗೆಯ ರೂಮ್ ತಗೊಳ್ಳಬಹುದು, ನವೀಕರಣದ ದಿನಾಂಕ, ತಿನ್ನುತ್ತಿರುವ ಮಾತ್ರೆಗಳ ಹೆಸರು. ಊರಿನ ಮನೆಯಲ್ಲಿ ಅದು ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ಅಪ್ಪಾಜಿ ಕನ್ನಡಕ ಹಾಕಿಕೊಂಡು ಒಂದು ಸಲ ಪೂರ್ತಿ ಓದಿ, ಕೆಳಗೆ ತಮ್ಮ ಕೈಯಲ್ಲೇ ಪಕ್ಕದ ಮನೆಯ ಕಾರಿನವನ ನಂಬರ್ ಸೇರಿಸಿದ್ದಾರೆ.